ಮೂರನೆಯದು

ಪೇಪರ್ ಮಿಲ್ಲಿಗೆ ಹಡಗಿನ ರದ್ದಿ ಬರುತ್ತಿತ್ತು, ಬೇಲುಗಟ್ಟಲೆ.
ಅದರ ಹೊಟ್ಟೆಯಿಂದ ಜೋಕಿಂ ಮಾಮ
ಐದು ಕಾಮಿಕ್ಸ್ ಎಳೆದು,
ಬುತ್ತಿಯ ಡಬ್ಬಿಗೆ ಸುತ್ತಿ, ಗೇಟು ದಾಟಿಸಿ
ಭದ್ರಾವತಿಯ ನಮ್ಮ ಕ್ವಾರ್ಟರ್ಸಿಗೆ ತಂದ.
ರಾಕೆಟ್ಟಿನ ಮೈಗೆಲ್ಲ ಚಿತ್ರಾನ್ನದ ಎಣ್ಣೆ.

ಸಿನಿಮಾ ನಾವು ಕಂಡಿರಲಿಲ್ಲ.
ಶಿವಮೊಗ್ಗದ ಟಾಕೀಸಿಗೂ ಅದು ಬಂದಿರಲಿಲ್ಲ.
ಇಂಗ್ಲಿಷು ಬಾರದ ಮಾಮ
ಬಲೂನಿನ ಮಾತಿಗೆಲ್ಲ ಕೊಂಕಣಿ ಬೆರೆಸಿ ತಾನೇ ಓದುತ್ತಿದ್ದ;
ಆಚೆ ಗ್ರಹದ ದೊರೆ
ಮಿಲ್ಲಿನ ಫೋರ್‌ಮನ್ ಹಾಗೇ ಬಯ್ಯುತ್ತಿದ್ದ.
ಅಚ್ಚಿನ ಕೆಂಪು ಗೆರೆ ಬಿಟ್ಟು ಸರಿದಿತ್ತು,
ಎಲ್ಲರ ತುಟಿಯೂ ಕೆನ್ನೆಯ ಮೇಲೆ.

ಒಂದು, ಎರಡು, ನಾಲ್ಕು, ಐದು, ಆರು.
ಮೂರು ಪಲ್ಪಾಗಿ ಹೋಗಿತ್ತು;
ನನ್ನ ಲೆಕ್ಕದ ನೋಟ್‌ಬುಕ್ಕೇ ಆಗಿರಬಹುದೆಂದು
ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡಿದ್ದೇನೆ.

ಎರಡರಲ್ಲಿ ಕ್ಯಾಪ್ಟನಮ್ಮನ ಎಡಗೈಗೆ ಐದು ಬೆರಳು,
ನಾಲ್ಕರಲ್ಲಿ ಮೂರು.
ನಡುವೆ ಏನಾಯ್ತು ಮಾಮ?
"ರೋಲರಿಗೆ ಸಿಕ್ತು" ಅಂದ,
ತನ್ನ ಮೂರು ಬೆರಳಲ್ಲಿ ಪುಟ ತಿರುಗಿಸುತ್ತ.

ಮಿಲ್ಲು ಮುಚ್ಚಿ ಎಷ್ಟೋ ವರ್ಷಕ್ಕೆ
ಮಗಳ ಮೊಬೈಲಿನಲ್ಲಿ ಸಿಕ್ಕಿತು ಸಿನಿಮಾ, ನಾಲ್ಕೂ ಭಾಗ.
ನಮ್ಮ ಹಸಿರು ರೋಬೋ ಬರೀ ತಗಡಿನ ಬಣ್ಣ.
ಬಾವಿಕಟ್ಟೆಯ ಮೇಲೆ ಅವಳು ಅಳುವ ಎರಡು ಪುಟ
ಇಲ್ಲವೇ ಇಲ್ಲ;
ಚಿತ್ರ ಬರೆದವನ ಕೈಗೆ ಕೊಟ್ಟದ್ದು
ಕತ್ತರಿ ಬೀಳುವ ಮುಂಚಿನ ಕಥೆಯಂತೆ.
ಕೊನೆಗೆ ಅವಳು ಕೈಯೆತ್ತಿದಳು, ಎಡಗೈ:
ಐದೂ ಬೆರಳು.

ಮಾಮ ಕನ್ನಡಕ ಒರೆಸಿಕೊಂಡು
ಇನ್ನೊಮ್ಮೆ ಎಣಿಸಿದ.
"ಸಿನಿಮಾದೋರು ತಪ್ಪು ಮಾಡಿದಾರೆ" ಅಂದ.