ಚೀಲದ ಕಾಗುಣಿತ

ಕಪನೂರಿನ ದಾಲ್ ಮಿಲ್ಲಿನ ತೂಕದ ಖೋಲಿಯೊಳಗ
ನಾಲ್ಕು ಜಿಬಿಯ ಹಳೇ ಲ್ಯಾಪ್‌ಟಾಪು,
ಕೀಲಿಮಣಿ ಸಂದಿಯೊಳಗ ಹೊಟ್ಟಿನ ಹಳದಿ ಪುಡಿ.
'ಎಲ್ಲಾ ಹಾಕಿ ನೋಡು, ಯಾವುದು ಇಡೋದು
ಯಾವುದು ತೆಗೆಯೋದು ಹೇಳು' ಅಂದಿದ್ದಳು ತಯ್ಯಬಾ.
ಒಂದು ವಾರದ ಗಡುವು.

ಮೊದಲನೇ ಪ್ಲಗಿನ್ನು ಬಣ್ಣದ್ದು.
ಕಂಸಕ್ಕ ಕಂಸ ಜೋಡಿ ಹಚ್ಚಿ
ಹಸಿರು, ನೇರಳೆ, ಕೇಸರಿ,
ಬಳಿ ತೊಟ್ಟ ಕೈಯಂಗ ಸಾಲುಗಳು.
ಚಂದ ಇತ್ತು. ಫ್ಯಾನು ಚೀರಲಾಕ ಹತ್ತಿತು.
ತೆಗೆದೆ.

ಎರಡನೇದು, ಸೇವ್ ಮಾಡಿದಾಗೊಮ್ಮೆ
ಸಾಲು ಎಳೆದು ನೆಟ್ಟಗ ಮಾಡ್ತದ,
ನಾ ಬ್ಯಾಡಂದ ಅರ್ಧವಿರಾಮ ತಾನೇ ಇಡ್ತದ,
ಪ್ರಾರ್ಥನಾ ವ್ಯಾಳ್ಯಾದ ಪಿ.ಟಿ. ಮಾಸ್ತರ.
ಇರಲಿ. ನನಗೂ ಅಂಥವರೊಬ್ಬರು ಬೇಕು.

ಮೂರನೇದು, ನಾ ಬಾಯಿ ತೆಗೆಯೋದ್ರೊಳಗ ಮಾತು ಮುಗಿಸ್ತದ
ಸೇಡಂ ಸೋದರಮಾವನಂಗ.
ತೊಗರಿ ಅಂತ ಬರೀಲಾಕ ಹೋದ್ರ ಟಾಗಲ್ ಅಂತದ.
ಅರ್ಧ ದಿನ ನನ್ನ ಕಾಳೆಲ್ಲ ಟಾಗಲ್ ಆಗೇ ಇತ್ತು.

ನಾಲ್ಕನೇದು ಕಾಗುಣಿತ ನೋಡೋದು.
ತೊಗರಿ, ಹಮಾಲಿ, ನುಚ್ಚು, ತೂಕ...
ಇಂಗ್ಲಿಷ್ ಅಕ್ಷರ ತೊಡಿಸಿ ಕರಕೊಂಡು ಬಂದ ನನ್ನ ಪದಗಳ ಕೆಳಗೆಲ್ಲ
ಕೆಂಪು ಡೊಂಕು ಗೆರಿ.
ತಪ್ಪು, ತಪ್ಪು, ತಪ್ಪು, ತಪ್ಪು.
ಮೌಸಿನ ಬಲಗಿವಿ ಹಿಂಡಿ ಹಿಂಡಿ
ಒಂದೊಂದನ್ನೇ ಶಬ್ದಕೋಶಕ್ಕ ಸೇರಿಸಿದೆ, ಮಧ್ಯಾಹ್ನ ಪೂರ್ತಿ,
ರೇಷನ್ ಕಾರ್ಡಿಗೆ ಮನಿಮಂದಿ ಹೆಸರು ಹಚ್ಚಿದಂಗ.
ಗೆರಿ ಹೋದವು. ಪರದೆ ತಣ್ಣಗಾತು.
ತಯ್ಯಬಾನ ಹಾಳಿ ಮ್ಯಾಲ ಬರೆದೆ: ಹತ್ತಕ್ಕ ಒಂಬತ್ತು.

ಶುಕ್ರವಾರ ಹಮಾಲ ದಸ್ತಗೀರ ಚೀಟಿ ಹಿಡಕೊಂಡು ಬಂದ.
'ಮೇಡಂರೀ, ಮುನ್ನೂರು ಹೊತ್ತೀನಿ.
ನೂರೆಂಬತ್ತು ಕೇಜಿ ಎಲ್ಲಿ ಹೋತು?'

ಹುಡುಕಿದೆ.
ಮ್ಯಾಲೊಂದು ಚೀಲ, ಡಬಲ್ ಇ.
ಎಪ್ಪತ್ತು ಸಾಲು ಕೆಳಗ ಇನ್ನೊಂದು, ಒಂಟಿ ಐ.
ಎರಡೂ ಆರ್ನೂರು ಗ್ರಾಂ. ಎರಡೂ ಕಳೀಲಾಕತ್ತಿದ್ದವು.
ಎರಡರ ಕೆಳಗೂ ಕೆಂಪು ಗೆರಿ ಎದ್ದಿತ್ತು,
ಎರಡನ್ನೂ ನಾನೇ, ಈ ಬೆರಳಿಂದಲೇ, ಖರೇ ಮಾಡಿದ್ದೆ.

ಒಂದನ್ನ ಅಳಿಸಬೇಕು. ಯಾವುದು ಸರಿ?
ದಸ್ತಗೀರ ಬಗ್ಗಿ ನೋಡಿದ,
ಅವನ ಹುಬ್ಬಿಂದ ಹೊಟ್ಟು ಉದುರಿತು ಕೀಲಿಮಣಿ ಮ್ಯಾಲ.
'ನಮ್ಮ ಮನ್ಯಾಗ ಅದಕ್ಕ ಬೋರಿ ಅಂತೀವ್ರಿ.'

ಬರೆದೆ: ಬೋರಿ.
ಡೊಂಕು ಗೆರಿ ಎದ್ದಿತು.
ಕಿವಿ ಹಿಂಡಲಿಲ್ಲ.
ಮೊದಲು ಅವನ ಚೀಟಿ ತಿದ್ದೋದಿತ್ತು.