ಮೂಗಿನಲ್ಲಿ ಸೀಸ

ಪಾಮ್‌ಡೇಲಿನ ಗಾಳಿಗೆ ಮರಳಿನ ಹಲ್ಲು.
ಹ್ಯಾಂಗರಿನ ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿ
ಒಳಗೆ ಅವಳನ್ನು ನಿಲ್ಲಿಸಿದ್ದೇವೆ, ಮೂರನೆಯ ಸಲ,
ಬೆನ್ನಿನ ಕದಗಳೆರಡೂ ತೆರೆದು.

ಇಪ್ಪತ್ತಾರು ಬಾರಿ ಬೆಂಕಿಯೊಳಗಿಂದ ಇಳಿದು ಬಂದವಳು.
ಹೊಟ್ಟೆಯ ಬಿಲ್ಲೆಗಳಿಗೆ ಒಂದೊಂದಕ್ಕೂ ಒಂದು ಅಂಕೆ,
ಒಂದರ ಜಾಗಕ್ಕೆ ಇನ್ನೊಂದು ಒಗ್ಗದು.
ಕಪ್ಪಗಿದ್ದವು ಬೂದಿಗೆ ತಿರುಗಿವೆ
ನಮ್ಮ ಫೋರ್‌ಮನ್ ಥರ್ಲೋನ ಮೀಸೆಯ ಹಾಗೆ.

ನನ್ನದು ತಂತಿಯ ಕೆಲಸ.
ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿ
ಎಳೆಯುತ್ತೇನೆ, ಮಾರು ಮಾರು ತಂತಿ,
ಈಗ ಯಾರೂ ಕೇಳದ ಪ್ರಶ್ನೆಗೆ
ಇಪ್ಪತ್ತು ವರ್ಷ ಉತ್ತರ ಹೊತ್ತ ತಂತಿ.

ಹಸಿರಕ್ಷರದ ಪರದೆಗಳು ಹೋದವು,
ನಡುಗುವ ಮುಳ್ಳಿನ ಮಾಪಕಗಳೂ ಹೋದವು,
ಬಣ್ಣದ ಗಾಜುಗಳು ಬಂದು ಕೂತವು.
ಬಾಲದ ಒಂದು ಪೆಟ್ಟಿಗೆಗೆ ಮಾತ್ರ ಹಳೆ ಚಿಪ್ಪೇ ಆಗಬೇಕು;
ಮಾಡುವ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ.
ಖರೀದಿಯ ಯೆಸೇನಿಯಾ
ಫ್ರೆಸ್ನೋದಲ್ಲಿ ಯಾವುದೋ ಆಸ್ಪತ್ರೆಯ ಹರಾಜಿಗೆ ಹೋಗಿ
ಹನ್ನೆರಡು ಗುಜರಿ ಸ್ಕ್ಯಾನಿಂಗ್ ಯಂತ್ರ ಹೊಡೆದುಕೊಂಡು ಬಂದಳು.
ಯಾರದೋ ಪಿತ್ತಕೋಶದ ಕಲ್ಲು ಕಂಡ ಚಿಪ್ಪು
ಬರುವ ವಸಂತಕ್ಕೆ ಭೂಮಿಯನ್ನು ಸುತ್ತಲಿದೆ.

ಮಂಗಳವಾರ ಒಂದು ಫಲಕದ ಹಿಂದೆ ಪೆನ್ಸಿಲ್ ಬರಹ:
"ಇದನ್ನು ಬಿಚ್ಚುವ ಪುಣ್ಯಾತ್ಮ, ಕ್ಷಮಿಸು,
ಬೇರೆ ದಾರಿಯೇ ಇರಲಿಲ್ಲ. ಆರ್. ಬಿ., ಎಂಬತ್ತಮೂರು."
ಏಳು ಸ್ಕ್ರೂ. ಒಂದಕ್ಕೂ ಕೈ ನೆಟ್ಟಗೆ ತಲುಪದು.
ಅವನ ಏಳು ತಲೆಮಾರನ್ನೂ ಬೈದೆ. ಆಮೇಲೆ ನಗು ಬಂತು.
ಬರಹ ಕಂಡರೆ ಒರೆಸಬೇಕೆಂಬುದು ನಿಯಮ.
ಸ್ಪಿರಿಟ್ಟಿನ ಬಟ್ಟೆ ಕೈಯಲ್ಲೇ ಇತ್ತು.
ಫಲಕ ಮುಚ್ಚಿದೆ.

ಎಲ್ಲ ಮುಗಿದ ಮೇಲೆ ತೂಗಿದೆವು.
ಹಗುರಾಗಿದ್ದಾಳೆ! ಚಪ್ಪಾಳೆ, ಎರಡು ಡಬ್ಬ ಡೋನಟ್ಟು.
ಮರುದಿನ ಲೆಕ್ಕದವರು ಬಂದರು, ಮುಖ ಗಂಟಿಕ್ಕಿಕೊಂಡು:
ಹೋದ ಭಾರದಲ್ಲಿ ಮುಕ್ಕಾಲು ಮುಂಭಾಗದ್ದು,
ಹೀಗೇ ಬಿಟ್ಟರೆ ಇಳಿಯುವಾಗ ಬಾಲ ಜಗ್ಗುತ್ತದೆ,
ಸೀಸ ತುಂಬಿ.

ಹಾಗಾಗಿ ಈ ಶುಕ್ರವಾರ
ಮೂಗಿನ ಗೂಡಿಗೆ ಸೀಸದ ಗಟ್ಟಿ ಬಿಗಿಯುತ್ತಿದ್ದೇನೆ,
ಒಂದೊಂದೂ ಎಳೆಮಗುವಿನ ತೂಕ.
ಏನನ್ನೂ ಕೇಳದ, ಏನನ್ನೂ ಒಯ್ಯದ ಲೋಹ,
ನಾನೇ ಕಿತ್ತು ಹಾಕಿದ ತಂತಿಯಷ್ಟು ಭಾರ.

ಊಟದ ಗಂಟೆ ಹೊಡೆದರೂ ಥರ್ಲೋ ಏಳಲಿಲ್ಲ,
ಏಣಿಯ ಕೆಳಮೆಟ್ಟಿಲಲ್ಲಿ ಮೊಣಕಾಲು ನೀವುತ್ತಿದ್ದ.
ಇನ್ನೆಷ್ಟು ವರ್ಷ ಹಾರುತ್ತೆ ಅಂದೆ.
ಅವಳೋ ನಾನೋ ಅಂದ.
ರೆಂಚು ಕೊಡು ಅಂದೆ.