ಕೊಸರು

ಬೆಳಗಿನ ಐದೂವರೆ. ಯಶವಂತಪುರದ ಯಾರ್ಡಿನಲ್ಲಿ
ಈರುಳ್ಳಿ ಲಾರಿಗಳು ಹಿಂದೆ ಹಿಂದೆ ಬರುವ ಹೊತ್ತು.
ಪೆರುವಿನ ಅರೆಕಿಪಾದಲ್ಲಿ ಇನ್ನೂ ನಿನ್ನೆ, ರಾತ್ರಿ ಏಳು.
ಕುಕ್ಕರಿನ ಖಾಲಿ ಡಬ್ಬದ ಮೇಲೆ ನನ್ನ ಲ್ಯಾಪ್‌ಟಾಪು,
ಅದರೊಳಗೆ ಬಂದು ಕೂರುತ್ತಾಳೆ ಹಿಮೇನಾ ಕಿಸ್ಪೆ,
ಹೆಗಲ ಮೇಲೆ ತಾನೇ ಮಾರುವ ಅಲ್ಪಾಕಾ ಉಣ್ಣೆಯ ಶಾಲು.

ಇವತ್ತಿನ ಪದಗಳು: ಲೆವರೇಜ್, ಕನ್ಸೆಷನ್, ಡೆಡ್‌ಲಾಕ್.
ಲೆವರೇಜ್ ಅಂದರೆ ಸನ್ನೆಗೋಲು, ಹಿಮೇನಾ.
ಹ್ಯಾಂಬರ್ಗಿನವನಿಗೆ ಚಳಿಗೆ ಮೊದಲೇ ಶಾಲು ಬೇಕು,
ಅವಸರ ಅವನದು. ಅದರ ಕೆಳಗೆ ಕೋಲು ಹಾಕು.

ಅವಳು ಅವನಿಗೆ ಬರೆದ ಕಾಗದ ತೋರಿಸುತ್ತಾಳೆ:
'ವಿ ಹ್ಯಾವ್ ಎ ಕಾಂಪ್ರಮೈಸ್ ವಿತ್ ಯು.'
ಅವಳ ಭಾಷೆಯ ಕೊಂಪ್ರೊಮೀಸೊ ಅಂದರೆ ಕೊಟ್ಟ ಮಾತು.
ಮಾತು ಕೊಟ್ಟು ಹೊರಟದ್ದು
ಸಮುದ್ರ ದಾಟುವಷ್ಟರಲ್ಲಿ ರಾಜಿಯಾಗಿದೆ.
ಕೆಳಗಿನ ಸಾಲಿನಲ್ಲಿ ಇನ್ನೊಂದು:
'ಇವೆಂಚುವಲಿ, ಸಾಗಣೆ ಖರ್ಚು ನಮ್ಮದು.'
ಅವಳ ಮನಸ್ಸಿನಲ್ಲಿ, ಆದರೆ ಆದೀತು.
ಓದುವವನಿಗೆ, ತಡವಾದರೂ ಕೊಟ್ಟೇ ಕೊಡುತ್ತಾಳೆ.
ಒಂದೇ ಪದ. ನಡುವೆ ಒಂದು ಕೋರ್ಟು ಕಟ್ಟಬಹುದು.
ಎರಡಕ್ಕೂ ಕೆಂಪು ಗೆರೆ ಎಳೆದೆ.

'ಸ್ವೀಟನ್ ದಿ ಡೀಲ್' ಬಂದಾಗ ಕೇಳಿದಳು,
ಸಕ್ಕರೆ ಯಾರ ಬಾಯಿಗೆ?
ಪುಸ್ತಕದ ಉತ್ತರ ನನಗೂ ರುಚಿಸಲಿಲ್ಲ. ಹೇಳಿದೆ:
ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಪಿಳ್ಳಕ್ಕ ಇದ್ದಾಳೆ,
ನಾಲ್ಕು ಕಟ್ಟು ಸೊಪ್ಪು ಕೊಂಡರೆ
ಮೇಲೊಂದು ಹಿಡಿ ಕರಿಬೇವು ಚೀಲಕ್ಕೆ ತುರುಕುತ್ತಾಳೆ,
ಲೆಕ್ಕಕ್ಕಿಲ್ಲ. ಅದು ಕೊಸರು.

ಕುರ್ಚಿಯಿಂದ ಅರ್ಧ ಎದ್ದಳು ಹಿಮೇನಾ: ಯಾಪಾ!
ಅದು ಸ್ಪ್ಯಾನಿಷ್ ಕೂಡ ಅಲ್ಲ, ಅವಳಜ್ಜಿಯ ಕೆಚುವಾ.
ಸಂತೆಯಲ್ಲಿ ಹಣ್ಣಿನ ರಸ ಕುಡಿದಿಟ್ಟ ಲೋಟಕ್ಕೆ
ಜಾರಿನ ತಳದಲ್ಲಿ ಉಳಿದದ್ದನ್ನು ಸುರಿಯುತ್ತಾರಂತೆ,
ಕೇಳುವ ಮೊದಲೇ.
ಆಮೇಲೆ ವ್ಯಾಕರಣವಿಲ್ಲದ ಹತ್ತು ನಿಮಿಷ ನಕ್ಕೆವು.
ಪರದೆಯ ಮೂಲೆಯಲ್ಲಿ ಕೆಂಪಕ್ಷರ: ಅವಧಿ ಮೀರಿದೆ,
ಹೆಚ್ಚುವರಿ ಸಮಯಕ್ಕೆ ಸಂಭಾವನೆ ಇಲ್ಲ.

ಅದರ ಹಿಂದೆಯೇ ಮ್ಯಾನೇಜರನ ಮೆಸೇಜು.
ಮುಂದಿನ ತಿಂಗಳಿಂದ ಗಂಟೆಗೆ ಮುನ್ನೂರೈವತ್ತಲ್ಲ, ಮುನ್ನೂರಹತ್ತು.
ಓಕೆ ಸರ್, ಎಂದು ಒತ್ತಿದೆ.
ಕೈಮುಗಿದ ಚಿತ್ರವನ್ನೂ ಸೇರಿಸಿದೆ. ನಾನು,
ಕೌಂಟರ್ ಆಫರಿಗೆ ಏಳು ವಾಕ್ಯ ಕಲಿಸುವವಳು.

ಪಿಳ್ಳಕ್ಕನ ಮುಂದೆ ಒಬ್ಬ ದಂಟಿಗೆ ಚೌಕಾಸಿ ಮಾಡುತ್ತಿದ್ದ.
'ಗಿಟ್ಟಲ್ಲ' ಅಂದಳು, ಅಷ್ಟೇ.
ಅವನು ಕಾಫಿಪುಡಿ ಅಂಗಡಿಯವರೆಗೆ ಹೋದ.
ಅವನ ಬೆನ್ನನ್ನು ಅವಳು ನೋಡಲಿಲ್ಲ,
ಮೆಂತ್ಯಕ್ಕೆ ನೀರು ಚಿಮುಕಿಸುತ್ತಿದ್ದಳು.
ತಿರುಗಿ ಬಂದ. ಹೇಳಿದಷ್ಟೇ ಕೊಟ್ಟ. ಆಗ ಬಿತ್ತು ಕರಿಬೇವು.
ನನ್ನ ಕತೆ ಕೇಳಿ ಎಲೆಯಡಿಕೆ ಉಗಿದಳು:
'ರೇಟು ಕೈಗೆ ಬಂದ್ಮೇಲೆ ಹಾಕೋದು ಕೊಸರು ಕಣವ್ವ.
ಮೊದ್ಲೇ ಹಾಕಿದ್ರೆ ಅದರ ಹೆಸರು ಬ್ಯಾರೆ.'
ಯಾವ ಹೆಸರೆಂದು ಹೇಳಲಿಲ್ಲ.

ಗುರುವಾರ ಹಿಮೇನಾ ಬೇಗ ಬಂದಿದ್ದಳು, ಶಾಲಿಲ್ಲದೆ.
ಬೆಲೆ ಹೇಳಿ ಬಾಯಿ ಮುಚ್ಚಿಕೊಂಡಳಂತೆ.
ಹನ್ನೊಂದು ಸೆಕೆಂಡು, ಟೀಚರ್,
ನನ್ನ ಹೊಟ್ಟೆ ಗುಡುಗಿದ್ದು ಹ್ಯಾಂಬರ್ಗಿಗೆ ಕೇಳಿರಬೇಕು!
ಕೊನೆಗೆ ಅವನೇ ಮಾತಾಡಿದ.
ಮೌನದ ಪಾಠ ನಮ್ಮ ಪುಸ್ತಕದಲ್ಲಿ ಇಲ್ಲ.
ನಾನೂ ಹೇಳಿಕೊಟ್ಟಿರಲಿಲ್ಲ.

ಹತ್ತು ಗಂಟೆಗೆ ಮ್ಯಾನೇಜರನಿಗೆ ಫೋನು ಮಾಡಿದೆ.
ಬಾಟಮ್ ಲೈನ್ ಎಂದೇ ಶುರುಮಾಡಿದ್ದೆ,
ನಾಲಿಗೆಯ ಮೇಲೆ ಬೇರೆಯೇ ಕೂತಿತ್ತು:
ಮುನ್ನೂರೈವತ್ತು ಸಾರ್. ಅದಕ್ಕಿಂತ ಕೆಳಗೆ ಗಿಟ್ಟಲ್ಲ.
ಆಮೇಲೆ ಬಾಯಿ ಮುಚ್ಚಿದೆ.

ಒಂದು. ಎರಡು.
ಹೊರಗೆ ಲಾರಿಯೊಂದು ರಿವರ್ಸ್ ಹಾಡು ಹಾಡುತ್ತಿತ್ತು.
ಐದು. ಅಂಗೈ ಬೆವರು. ಆರು.
'ಹಲೋ? ಹಲೋ ಮೇಡಂ? ನೆಟ್‌ವರ್ಕ್ ಇಲ್ವಾ?'

ಇತ್ತು.
ಏಳು.